ಲಿಂಗರಾಜಪುರದಿಂದ ಹೋದ ಒಂದು ಓಟು

ವಿಜಯಪುರದಿಂದ ವರ್ಗವಾಗಿ ಲಿಂಗರಾಜಪುರದ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ, ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಆರಡಿ ಎತ್ತರದ ಕಪ್ಪು ಅಮೆರಿಕನ್ನರೊಬ್ಬರು ತಿರುಗಿ, "ಕಾವೇರಿ ನೀರು ಬಂತಾ ಅಕ್ಕಾ?" ಎಂದರು. ಕನ್ನಡ ಶಿಕ್ಷಕಿಯಾದ ನನಗೇ ಆ ಕ್ಷಣ ಕನ್ನಡ ಹೊಳೆಯಲಿಲ್ಲ.

ಅವರ ಹೆಸರು ರೇ. ಹೆಂಡತಿ ಸ್ಟೆಲ್ಲಾ ಮರ್ಫಿ ಟೌನಿನವರು, ನರ್ಸಾಗಿ ಅಮೆರಿಕಕ್ಕೆ ಹೋಗಿ ಅಲ್ಲೇ ಮದುವೆಯಾದವರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಎರಡು ವರ್ಷಕ್ಕೆಂದು ಬಂದು ಪಕ್ಕದ ಮನೆಯಲ್ಲಿದ್ದರು. ರೇಗೆ ಅಕ್ಷರ ಕಲಿಸುವುದು ನನ್ನ ಪಾಲಿಗೆ ಬಂತು. ನನಗೆ ಊರು ಕಲಿಸಿದ್ದು ಅವರೇ. ಅಂಗಡಿಯಲ್ಲಿ ನಾನು ಉಳ್ಳಾಗಡ್ಡಿ ಕೇಳಿದಾಗ ಅಂಗಡಿಯವನು ಮಿಕಿಮಿಕಿ ನೋಡಿದ. ಹಿಂದಿನಿಂದ ರೇ, "ಈರುಳ್ಳಿ ಅಣ್ಣಾ, ವೆಂಗಾಯಂ" ಎಂದು ನನ್ನ ಮಾನ ಉಳಿಸಿದರು.

ಒಮ್ಮೆ ಅವರು ಬೆಡ್‌ಶೀಟ್ ಮಡಿಸುವುದನ್ನು ನೋಡಿದೆ. ಒಂದೂ ಸುಕ್ಕಿಲ್ಲ.

"ಎಲ್ಲಿ ಕಲ್ತೀರಿ ಇದನ್ನ?"

"ಜೈಲಲ್ಲಿ."

ಇಪ್ಪತ್ತೆರಡರ ವಯಸ್ಸಿನಲ್ಲಿ ಗೆಳೆಯರ ಜೊತೆ ಅಂಗಡಿಯೊಂದನ್ನು ದೋಚಿ ಒಳಗೆ ಹೋದವರು. ಜೈಲಿನ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟು ಒಗೆಯುವ ಕೆಲಸ. ಒಂದು ದಿನ ಜ್ವರ ಬಂದು, ಆಗುವುದಿಲ್ಲ ಎಂದರು. ಅಷ್ಟಕ್ಕೇ ಒಂಟಿ ಕೋಣೆಗೆ ಹಾಕಿದರು. ಬಸ್ಸು ಹತ್ತಿ ದೂರದಿಂದ ಬಂದಿದ್ದ ತಾಯಿಯನ್ನು ಮಗನ ಮುಖ ತೋರಿಸದೆ ಬಾಗಿಲಿನಿಂದಲೇ ವಾಪಸು ಕಳಿಸಿದರು.

ನನಗೆ ಮರುಕವಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಹೊರಗಿನವ್ರು ದುಡೀತೀವಿ, ಒಳಗಿದ್ದವ್ರು ದುಡದ್ರ ತಪ್ಪೇನ್ರಿ?"

ರೇ ಸಿಟ್ಟಾಗಲಿಲ್ಲ. "ಕೆಲ್ಸ ತಪ್ಪಲ್ಲ ಅಕ್ಕಾ. ನೀವು ಸ್ಕೂಲ್ ಕೆಲ್ಸ ಬೇಡ ಅನ್ಬಹುದು. ಜೈಲಲ್ಲಿ ನಾನು ಬೇಡ ಅನ್ನೋಕಾಗಲ್ಲ. ಅಷ್ಟೇ ಡಿಫರೆನ್ಸ್."

ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ಸಂವಿಧಾನ. ಅಲ್ಲಿ ಪ್ರತಿ ರಾಜ್ಯಕ್ಕೂ ಅದರದ್ದೇ ಇನ್ನೊಂದು. ರೇ ಅವರ ರಾಜ್ಯದ್ದರಲ್ಲಿ, ಗುಲಾಮಗಿರಿ ಇರಕೂಡದು, ಅಪರಾಧಕ್ಕೆ ಕೊಡುವ ಶಿಕ್ಷೆಯ ಹೊರತು ಎಂದು ಬರೆದಿತ್ತು. ಕೈದಿಗಳನ್ನು ಬಲವಂತದಿಂದ ದುಡಿಸಲು ಅದೇ ದಾರಿ. ಆ "ಹೊರತು" ತೆಗೆಯಬೇಕೇ ಎಂದು ಜನರನ್ನೇ ಕೇಳುವ ಚುನಾವಣೆ ಆ ವರ್ಷ ಬಂತು.

ರೇ ದಿನವೂ ಸಂಜೆ ಟೆರೇಸಿನಿಂದ ತಮ್ಮ ರಾಜ್ಯದ ಮತದಾರರಿಗೆ ಫೋನು ಮಾಡತೊಡಗಿದರು. ಮೊದಲ ಮಾತೇ, "ನಾನು ಜೈಲಿನಲ್ಲಿದ್ದವನು." ಎಷ್ಟೋ ಜನ ಅಲ್ಲಿಗೇ ಫೋನಿಡುತ್ತಿದ್ದರು. ಇತ್ತ ಬೀದಿಗೂ ಕೇಳಿಸುತ್ತಿತ್ತು. ಒಳಗೆ ಮಲಗಿದ್ದ ಅವರ ಅತ್ತೆಗೆ ಮಾತ್ರ ಜೈಲಿನ ಸಂಗತಿ ಗೊತ್ತಿರಲಿಲ್ಲ.

"ಬೇರೆಯವ್ರ ಬಾಯಿಂದ ಅಮ್ಮಂಗೆ ಗೊತ್ತಾದ್ರೆ ಏನ್ ಗತಿ ಟೀಚರ್?" ಎಂದು ಸ್ಟೆಲ್ಲಾ ಕಣ್ಣೀರು ಹಾಕಿದರು. ರೇ ಎದ್ದು ಹೋಗಿ, ಹಾಸಿಗೆಯ ಪಕ್ಕ ಮಂಡಿಯೂರಿ, ಬರುವಷ್ಟು ಕನ್ನಡದಲ್ಲಿ ತಾವೇ ಎಲ್ಲ ಹೇಳಿದರು. ಆ ತಾಯಿ ಅಳಿಯನ ತಲೆಯ ಮೇಲೆ ಕೈಯಿಟ್ಟರು.

"ದಿನಾ ನನ್ನ ಎತ್ತಿ ಕೂರಿಸ್ತೀಯಲ್ಲಪ್ಪಾ. ನೀನು ಯಾರೂಂತ ನಂಗೊತ್ತು. ಹೋಗು, ಫೋನ್ ಮಾಡು."

ಅಂಥ ಧೈರ್ಯವನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಇಬ್ಬರದೂ.

ಇಮೇಲಿನಲ್ಲಿ ಬಂದ ಮತಪತ್ರವನ್ನು ಕಮ್ಮನಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದೆವು. ಶಿಕ್ಷೆಗೊಳಗಾದವರಿಂದ ಅಲ್ಲಿ ಕಸಿದುಕೊಳ್ಳುವ ಮತದಾನದ ಹಕ್ಕು ಮರಳಿದ ಮೇಲೆ ಅವರು ಹಾಕುತ್ತಿದ್ದ ಮೊದಲ ಓಟು. ಅವರು ಗುರುತು ಹಾಕುವಾಗ ನಾನು ಮುಖ ತಿರುಗಿಸಿ ನಿಂತೆ.

ಅಲ್ಲಿ ಎಣಿಕೆ ಮುಗಿಯುವಾಗ ನಮ್ಮಲ್ಲಿ ಬೆಳಗಾಗಿತ್ತು. ಮೊಬೈಲು ನೋಡುತ್ತಿದ್ದ ಸ್ಟೆಲ್ಲಾ ಚೀರಿದರು, "ಪಾಸಾಯ್ತು!" ಜೈಲುಗಳು ನಾಳೆಯೇ ಬದಲಾಗುವುದಿಲ್ಲ, ಇನ್ನು ಕೋರ್ಟಿನಲ್ಲಿ ಹೋರಾಡಬೇಕು ಎಂದು ರೇ ನನಗೆ ವಿವರಿಸುತ್ತಲೇ ಇದ್ದರು, ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಮೆಲ್ಲಗೆ, "ನಮ್ಮ ಊರು ಒಳ್ಳೇ ಕೆಲ್ಸ ಮಾಡ್ತು" ಎಂದರು. ಆ ರಾಜ್ಯವನ್ನು ಅವರು "ನಮ್ಮ ಊರು" ಎಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಹಂಗಾದ್ರೆ ವಾಪಸ್ ಹೋಗೋಣ್ವಾ?" ಸ್ಟೆಲ್ಲಾ ಕೇಳಿದರು. ರೇ ಒಳಗೆ ಅತ್ತೆ ಮಲಗಿದ್ದ ಕಡೆ ನೋಡಿದರು.

ಅದೇ ವಾರ ವಿಜಯಪುರದಿಂದ ತಂಗಿ ಫೋನು ಮಾಡಿದ್ದಳು. "ಅಕ್ಕಾ, ಊರಿಗೆ ಯಾವಾಗ ಬರ್ತಿ?"

"ಊರಾಗ ಅದೀನಲ್ಲ," ಎಂದುಬಿಟ್ಟೆ. "ಯಾವ ಊರಾಗ?" ಎಂದಳು ತಂಗಿ.