ಎರಡನೆಯ ಮನೆಯ ಮಗ್ಗ

ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗಟ್ಟಿಯಾದ ಒಂದು ದುಂಡು ಗುರುತಿತ್ತು. ಜಕಾರ್ಡ್ ಮಗ್ಗದ ರಟ್ಟುಗಳಿಗೆ ವರ್ಷಗಟ್ಟಲೆ ತೂತು ಹೊಡೆದು ಬಿದ್ದ ಗುರುತು ಅದು. ರಟ್ಟಿನಲ್ಲಿ ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ನಮ್ಮ ಬನಹಟ್ಟಿಯ ಸೀರೆಗಳ ಮೇಲೆ ಹೂವು, ಗಿಳಿ ಮೂಡುವುದು ಹೀಗೆ. ಅಂದು ಮಧ್ಯಾಹ್ನ ಆ ಹೆಬ್ಬೆರಳನ್ನು ಕಂಪ್ಯೂಟರಿನ ಪರದೆಗೆ ತಾಗಿಸಿ ನನ್ನನ್ನು ಕರೆದರು.

"ತಮ್ಮಾ, ಬಾ ಇಲ್ಲಿ. ಇದೇನು ಹೇಳು ನೋಡೂಣು."

ಪರದೆಯ ಮೇಲೆ ಹೊಸ ಸೆರಗಿತ್ತು. ಅಡ್ಡಡ್ಡ ಗೆರೆಗಳ ನೀರು, ನಡುವೆ ಅರ್ಧ ಮುಳುಗಿದ ಒಂದು ಗಿಡ.

"ನಿಮ್ಮ ಊರ ಬೇವಿನ ಗಿಡಾ ಅಲ್ಲೇನ್ರಿ?" ಎಂದೆ.

ವೈನಿಯ ತವರು ಬೀಳಗಿ ಕಡೆಯ ಸಣ್ಣ ಊರು. ಅಣೆಕಟ್ಟಿನ ಹಿನ್ನೀರು ಬಂದಾಗ ಜನರೆಲ್ಲ ಎತ್ತರದ ಜಾಗಕ್ಕೆ ಹೋದರು. ಊರ ಅಗಸೆ ಬಾಗಿಲಿನ ಬೇವಿನ ಗಿಡ ಮಾತ್ರ ಬಹಳ ದಿನ ನೀರಿನಲ್ಲಿ ನಿಂತಿತ್ತು. ಅಣ್ಣ ಹೇಳಿ ನನಗೆ ಗೊತ್ತಿತ್ತು, ವೈನಿ ಅದರ ಮಾತೆತ್ತಿದ್ದು ನಾನು ಕೇಳಿರಲಿಲ್ಲ.

"ನಾಳೆ ರಟ್ಟು ಹೊಡದು ಮಗ್ಗಕ್ಕ ಹಚ್ಚೂಣು," ಎಂದು ಹೇಳಿ ಚಹಾ ಇಡಲು ಒಳಗೆ ಹೋದರು. ನಮ್ಮ ಮನೆಯ ಕೊನೆಯ ಸಾದಾ ದಿನ ಅದು.

ಮರುದಿನ ಬೆಳಿಗ್ಗೆ ಪ್ರೋಗ್ರಾಮ್ ತೆರೆಯಲಿಲ್ಲ. ಅದನ್ನು ಮಾರಿದ ಕಂಪನಿಯವರು ಕಂಪ್ಯೂಟರಿನ ಹಿಂದೆ ಸಿಗಿಸಲು ಒಂದು ಸಣ್ಣ ಕೀಲಿ ಕೊಟ್ಟಿದ್ದರು. ಅದಿದ್ದರೆ ಮಾತ್ರ ಪ್ರೋಗ್ರಾಮ್ ತೆರೆಯುತ್ತಿತ್ತು, ಈಗ ಅದು ಸತ್ತಿತ್ತು. ಫೋನ್ ಮಾಡಿದರೆ ಆ ಕೀಲಿ ಈಗ ಬರುವುದಿಲ್ಲ, ಹೊಸ ಪ್ರೋಗ್ರಾಮ್ ಕೊಂಡರೆ ಮಾತ್ರ ಹಳೆಯ ಡಿಸೈನುಗಳು ತೆರೆಯುತ್ತವೆ ಎಂದರು. ವೈನಿ ಅಷ್ಟು ವರ್ಷ ಬಿಡಿಸಿದ್ದೆಲ್ಲ ಕಂಪ್ಯೂಟರಿನಲ್ಲೇ ಇತ್ತು, ಆದರೆ ಕಾಣುವ ಹಾಗಿರಲಿಲ್ಲ.

"ನನ್ನ ಸೆರಗ ನನಗ ತೋರಸಾಕ ಇವರಿಗೆ ಬಾಡಿಗಿ ಕೊಡಬೇಕೇನು?" ಎಂದು ವೈನಿ ಫೋನ್ ಇಟ್ಟರು.

ನಮ್ಮ ಓಣಿಯ ನೇಕಾರರ ಕೂಟಕ್ಕೆ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಯಾರಾದರೂ ರಟ್ಟಿಗೆ ಹೊಸ ಅಳತೆ ತಂದರೆ, ಒಬ್ಬರಿಗೊಬ್ಬರು ಬೀಗರಲ್ಲದ ಎರಡು ಮನೆಗಳ ಮಗ್ಗದಲ್ಲಿ ಅದು ಓಡಬೇಕು. ತಂದವನ ಮನೆಯಲ್ಲಷ್ಟೇ ಓಡಿದರೆ ಲೆಕ್ಕಕ್ಕಿಲ್ಲ. ಎರಡನೆಯ ಮನೆಯಲ್ಲೂ ನೇಯ್ಗೆ ಸರಿ ಬಂದರೆ ಮಾತ್ರ ಕೂಟ ಒಪ್ಪುತ್ತದೆ. ಆದ್ದರಿಂದಲೇ ನಮ್ಮಲ್ಲಿ ಹೊಡೆದ ರಟ್ಟು ತೇರದಾಳದ ಮಗ್ಗದಲ್ಲೂ ನಡೆಯುತ್ತಿತ್ತು. ಕಂಪ್ಯೂಟರ್ ಬಂದಾಗ ಈ ಪದ್ಧತಿ ಯಾರಿಗೂ ನೆನಪಾಗಲಿಲ್ಲ. ಯಂತ್ರ ಎಲ್ಲರ ಮನೆಯಲ್ಲೂ ಒಂದೇ, ಅದಕ್ಕೇನು ಎರಡನೆಯ ಮನೆ ಎಂದುಕೊಂಡೆವು. ವೈನಿಯೂ ಹಾಗೇ ಅಂದುಕೊಂಡಿದ್ದರು. ಕೈಯಲ್ಲಿ ಡಿಸೈನ್ ಬಿಡಿಸಿದ್ದ ಹಳೆಯ ಗ್ರಾಫ್ ಹಾಳೆಗಳನ್ನು ಅವರೇ ನೀರೊಲೆಗೆ ಹಾಕಿದ್ದರು.

ಹೊಸ ಪ್ರೋಗ್ರಾಮ್ ಕೊಂಡುಬಿಡು ಎಂದು ಅಣ್ಣ ಹೇಳಿದ. ವೈನಿ ಕೇಳಲಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಸರ್ ಇದ್ದರು. ಅವರೂ ದೂರದೂರದ ಊರುಗಳ ನಾಲ್ಕಾರು ಗೆಳೆಯರೂ ಕೂಡಿ ಸೀರೆಯ ಡಿಸೈನಿಗೆ ಒಂದು ಪ್ರೋಗ್ರಾಮ್ ಬರೆಯುತ್ತಿದ್ದಾರೆಂದು ಕೇಳಿ, ವೈನಿ ಅವರನ್ನು ಕೂಟಕ್ಕೆ ಕರೆಸಿದರು.

"ಇದಕ್ಕ ಕೀಲಿ ಇಲ್ರಿ ಅಕ್ಕಾರ," ಎಂದರು ಸರ್. "ಒಳಗ ಏನ ಬರದೇವಿ ಎಲ್ಲಾ ಬಿಚ್ಚಿ ಇಟ್ಟೇವಿ. ಯಾರ ಬೇಕಾದ್ರೂ ನೋಡಬಹುದು, ತಿದ್ದಬಹುದು."

"ಛಲೋ ಆತು. ಆದ್ರ ನಾಳೆ ಮತ್ತೊಬ್ಬಾವ ಬ್ಯಾರೆ ಪ್ರೋಗ್ರಾಮ್ ಬರದ್ರ, ನನ್ನ ಸೆರಗ ಅದರಾಗೂ ತೆರೀತೈತೇನು?"

ಸರ್ ತಲೆ ಕೆರೆದುಕೊಂಡರು. "ಅದಕ್ಕ ಡಿಸೈನ್ ಹೆಂಗ ಬರದಿಡಬೇಕು ಅನ್ನೋ ನಿಯಮಾ ಬೇಕಾಗತೈತ್ರಿ. ಅದನ್ನ ನಾವ ಒಬ್ಬರ ಮಾಡಿದ್ರ ನಡಿಯೂದಿಲ್ಲ."

"ನಾವ ಮಾಡತೇವಿ. ಕೂಟ ಯಾಕ ಐತಿ?"

ಜಗಳ ಅಲ್ಲಿಂದ ಶುರುವಾಯಿತು. ನಿಯಮ ಪೂರ್ತಿಯಾಗುವವರೆಗೆ ಪ್ರೋಗ್ರಾಮ್ ಮುಟ್ಟಬಾರದು ಎಂದರು ಕೂಟದ ಹಿರಿಯರು. ಮೊದಲು ಪ್ರೋಗ್ರಾಮ್ ಓಡಲಿ, ನಿಯಮ ಆಮೇಲೆ ಬರೆದರಾಯಿತು ಎಂದರು ಸರ್. ವೈನಿ ಇಬ್ಬರನ್ನೂ ಬೈದರು.

"ಸೀರಿ ಪೂರಾ ನೇಯ್ದ ಮ್ಯಾಲೆ ಅಳತಿ ನೋಡತೀರೇನು? ಗೇಣು ನೇಯೂದು, ನೋಡೂದು, ತಿದ್ದೂದು. ಇದನ್ನೂ ಹಂಗ ಮಾಡ್ರಿ."

ಕೂಟ ಒಂದಿಷ್ಟು ನಿಯಮ ಬರೆಯುತ್ತಿತ್ತು, ಸರ್ ಅದಕ್ಕೆ ತಕ್ಕಂತೆ ಪ್ರೋಗ್ರಾಮ್ ತಿದ್ದುತ್ತಿದ್ದರು. ಪರೀಕ್ಷೆಗೆಂದು ಬಿಡಿಸಿದ ಗಿಳಿಗಳ ಸೆರಗು ನಮ್ಮ ಮಗ್ಗದಲ್ಲಿ ಚೆನ್ನಾಗಿಯೇ ಬಂತು. ಹಿರಿಯರು ಆಯಿತೆಂದು ಎದ್ದರು. ವೈನಿ ಏಳಲಿಲ್ಲ.

"ಎರಡನೇ ಮನಿ?"

"ಏ ತಂಗಿ, ಕಣ್ಣಾರೆ ನೋಡಿದ್ವಲ್ಲ," ಎಂದರು ಹಿರಿಯರು.

"ನೋಡಿದ್ದು ನಮ್ಮ ಮನ್ಯಾಗ್ರಿ."

ಈ ಸಲ ಎರಡನೆಯ ಮನೆಯೆಂದರೆ ಮಗ್ಗವಷ್ಟೇ ಅಲ್ಲ, ಬೇರೆಯವರು ಬರೆದ ಪ್ರೋಗ್ರಾಮೂ ಆಗಬೇಕು ಎಂದರು ವೈನಿ; ಅದನ್ನು ಬರೆಯಲು ಕಂಪ್ಯೂಟರ್ ಕಲಿತ ಮುಧೋಳದ ಒಬ್ಬ ಹುಡುಗ ಒಪ್ಪಿಕೊಂಡ. ಸರ್ ಬರೆದದ್ದನ್ನು ನೋಡದೆ, ಕೂಟದ ನಿಯಮವನ್ನಷ್ಟೇ ಓದಿ ತನ್ನದೇ ಪ್ರೋಗ್ರಾಮ್ ಬರೆದು ತಂದ. ಅದರಿಂದ ಹೊಡೆದ ರಟ್ಟುಗಳನ್ನು ಹಿಂದಿನ ಓಣಿಯ ಒಂದು ಮಗ್ಗಕ್ಕೆ ಹಾಕಿದೆವು. ಬಟ್ಟೆ ಬಂದಾಗ ಎಡಕ್ಕೆ ನೋಡಬೇಕಾದ ಗಿಳಿಗಳೆಲ್ಲ ಬಲಕ್ಕೆ ಮುಖ ಮಾಡಿದ್ದವು.

"ಓದಾಕ ಬರತೈತೇನಲೇ ನಿನಗ?" ಎಂದು ಹಿರಿಯರು ಹುಡುಗನ ಮೇಲೆ ಹಾರಿದರು.

ವೈನಿ ನಿಯಮದ ಹಾಳೆಯನ್ನು ಮತ್ತೆ ಓದಿಸಿದರು. ಮೊದಲನೆಯ ಎಳೆಯಿಂದ ಎಣಿಸಬೇಕು ಎಂದಿತ್ತು. ಮೊದಲನೆಯ ಎಳೆ ಯಾವುದು ಎಂದಿರಲಿಲ್ಲ. ನಾವು ಮಗ್ಗದ ಮುಂದೆ ಕುಳಿತು ಎಣಿಸುವವರು, ನಮಗದು ಹೇಳುವ ಮಾತೇ ಆಗಿರಲಿಲ್ಲ. ಹುಡುಗ ಮಗ್ಗದ ಹಿಂದೆ ನಿಂತು ಎದುರು ತುದಿಯಿಂದ ಎಣಿಸಿದ್ದ.

"ಅವನ ತಪ್ಪಿಲ್ಲ. ನಮ್ಮ ಹಾಳೀದು ತಪ್ಪು," ಎಂದು ವೈನಿ ನಕ್ಕರು. ಆ ತಿರುಗಿದ ಗಿಳಿಗಳ ತುಂಡನ್ನು ತಾವೇ ಇಟ್ಟುಕೊಂಡರು. ಮೊದಲು ಕೂಟ ಹಾಳೆ ತಿದ್ದಿತು, ಆಮೇಲೆ ಸರ್ ಮತ್ತು ಹುಡುಗ ಎರಡೂ ಪ್ರೋಗ್ರಾಮ್‌ಗಳನ್ನು ತಿದ್ದಿದರು. ಎರಡೂ ಮನೆಗಳಲ್ಲಿ ಗಿಳಿಗಳು ಎಡಕ್ಕೆ ತಿರುಗಿದ ದಿನ ಕೂಟ ಒಪ್ಪಿತು.

ಅಂದು ನಮ್ಮಲ್ಲಿ ಊಟಕ್ಕೆ ಕುಳಿತಾಗ ಸರ್ ಹೇಳಿದರು, "ಇಂಟರ್ನೆಟ್ಟಿನ ಕೆಲಸಾ ನಡಿಯೂದೂ ಬಹಳ ಮಟ್ಟಿಗೆ ಹಿಂಗ ಐತ್ರಿ ಅಕ್ಕಾರ. ನಿಯಮಾ ಬರಿಯೋ ಕೂಟ ಇರತಾವು, ಪ್ರೋಗ್ರಾಮ್ ಬಿಚ್ಚಿಟ್ಟು ಬರಿಯೋ ಮಂದಿ ಇರತಾರು. ಎಷ್ಟೋ ಕಡೆ ಎರಡ ಬ್ಯಾರೆ ಬ್ಯಾರೆ ಪ್ರೋಗ್ರಾಮಿನ್ಯಾಗ ಓಡಿದ ಮ್ಯಾಲೇ ನಿಯಮಾ ಪಕ್ಕಾ ಅಂತಾರು."

"ಹಂಗಾರ ಅವರೂ ನೇಕಾರರ ಇರಬೇಕು," ಎಂದು ವೈನಿ ಅವರ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದರು.

ಹಳೆಯ ಪ್ರೋಗ್ರಾಮ್ ಮಾರಿದ ಕಂಪನಿಯವನು ಒಮ್ಮೆ ಮನೆಗೇ ಬಂದ. ಕೂಟದವರೆಲ್ಲ ತಮ್ಮ ಹೊಸ ಪ್ರೋಗ್ರಾಮಿಗೆ ಬಂದರೆ ವೈನಿಯ ಹಳೆಯ ಡಿಸೈನುಗಳನ್ನು ತೆರೆದುಕೊಡುತ್ತೇನೆ ಎಂದ. ನಾನು ವೈನಿಯ ಮುಖ ನೋಡಿದೆ. ಬೇವಿನ ಗಿಡ ಅದರೊಳಗಿತ್ತು.

"ಚಹಾ ಕುಡದು ಹೋಗ್ರಿ," ಎಂದರಷ್ಟೇ.

ಮಾರಿದ ಸೀರೆಗಳನ್ನು ಹುಡುಕಿ ತರಿಸಿ, ನೋಡಿ ನೋಡಿ ಹಳೆಯ ಡಿಸೈನುಗಳನ್ನು ಮತ್ತೆ ಬಿಡಿಸಿದರು. ಮಗ್ಗಕ್ಕೇರದ ಆ ಕೊನೆಯ ಸೆರಗನ್ನು ಮಾತ್ರ ಬಿಡಿಸಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

"ನಾ ಅದನ್ನ ಬಿಡಿಸಿ ಮುಗಿಸೇನಿ, ತಮ್ಮಾ. ಎರಡನೇ ಸಲ ಬಿಡಿಸಿದ್ರ ಅವರು ಕಸಗೊಂಡದ್ದಕ್ಕ ನಾ ಒಪ್ಪಿದಂಗ. ಅವರ ಕಡೆ ಐತಿ, ಅವರ ಕೊಡ್ಲಿ."

ಹೋದ ಶ್ರಾವಣದಲ್ಲಿ ವೈನಿ ತೀರಿಕೊಂಡರು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲೂ ಸೂಜಿ ಚುಚ್ಚುವ ಹುಡುಗಿಗೆ, ಇನ್ನೊಬ್ಬರನ್ನ ಕರದು ತೋರಸು ಎನ್ನುತ್ತಿದ್ದರು. ಮಣ್ಣಿಗೆ ಇಡುವ ಮೊದಲು ನಾನು ಅವರ ಹೆಬ್ಬೆರಳು ನೋಡಿದೆ. ಗುರುತು ಹಾಗೇ ಇತ್ತು.

ದೀಪಾವಳಿ ಕಳೆದ ಮೇಲೆ ಬೇರೊಂದು ಕಂಪನಿಯವನು ಕೂಟಕ್ಕೆ ಬಂದು ಡಿಸೈನ್ ಬಿಡಿಸುವ ಹೊಸ ಯಂತ್ರ ತೋರಿಸಿದ. ಚೆನ್ನಾಗಿತ್ತು. ಎಲ್ಲರೂ ತಲೆಯಾಡಿಸಿದರು. ನಾನು ಕೂಟದಲ್ಲಿ ಮಾತಾಡುವವನಲ್ಲ. ಅಂದು ಎದ್ದು ನಿಂತೆ.

"ಇದರ ಡಿಸೈನ್ ಮತ್ತೊಬ್ಬರ ಪ್ರೋಗ್ರಾಮಿನ್ಯಾಗ ತೆರದು ತೋರಸ್ರಿ."

"ಅದು ಬ್ಯಾರೆದ್ರಾಗ ತೆರಿಯೂದಿಲ್ರಿ," ಎಂದ ಆತ.

"ಹಂಗಾರ ನಮಗ ಬ್ಯಾಡ್ರಿ."

ಹಿರಿಯರು ವೈನಿ ಕೂರುತ್ತಿದ್ದ ಕಂಬದ ಕಡೆ ನೋಡಿದರು. ಆತ ಯಂತ್ರ ಕಟ್ಟಿಕೊಂಡು ಹೋದ.

ವೈನಿ ಆಮೇಲೆ ಬಿಡಿಸಿದ ಡಿಸೈನುಗಳು ಈಗ ಯಾರ ಮನೆಯ ಕಂಪ್ಯೂಟರಿನಲ್ಲಾದರೂ ತೆರೆಯುತ್ತವೆ. ಮಹಾಲಿಂಗಪುರದಲ್ಲಿ ಯಾರೋ ಅವುಗಳಲ್ಲೊಂದನ್ನು ನೇಯುತ್ತಿದ್ದಾರಂತೆ. ಹಳೆಯ ಕಂಪ್ಯೂಟರ್ ಅಟ್ಟದ ಮೇಲಿದೆ, ಬಿಸಾಡಲು ನಾನು ಬಿಟ್ಟಿಲ್ಲ. ನೀರಿನ ನಡುವಿನ ಆ ಗಿಡವನ್ನು ವೈನಿ ಬಿಟ್ಟರೆ ನೋಡಿದವನು ನಾನೊಬ್ಬನೇ, ಅದೂ ಒಂದೇ ಸಲ. ಆ ಸೆರಗು ಇನ್ನೂ ಸಿಕ್ಕಿಲ್ಲ.