ಬಾಣಂತಿ ಕೋಣೆಯ ಗವಾಕ್ಷಿ

ಏಪ್ರಿಲ್ ತಿಂಗಳ ಕೊನೆಯ ಸೋಮವಾರ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊತ್ತು ಮಧ್ಯಾಹ್ನ ಹನ್ನೆರಡು. ದಾವಣಗೆರೆಯ ಹಳೇ ಊರಿನ ನಮ್ಮ ಮನೆಯಲ್ಲಿ ಆಗ ಇದ್ದವರು ಅಜ್ಜಿ, ರಾತ್ರಿ ಪಾಳಿ ಮುಗಿಸಿ ಬಂದು ಪಡಸಾಲೆಯಲ್ಲಿ ಮಲಗಿದ್ದ ಚಿಕ್ಕಪ್ಪ, ಒಳಕೋಣೆಯಲ್ಲಿ ಬಾಣಂತಿ ಚಿಕ್ಕಮ್ಮ, ಅವಳ ಹಸುಗೂಸು ಮತ್ತು ಏಳನೇ ಕ್ಲಾಸು ಮುಗಿಸಿದ್ದ ನಾನು. ಅಪ್ಪ ಮಂಡಕ್ಕಿ ಭಟ್ಟಿಗೆ ಹೋಗಿದ್ದ. ಅವ್ವ ತವರಿನ ಮದುವೆಗೆಂದು ಮಲೆಬೆನ್ನೂರಿಗೆ ಹೋಗಿದ್ದಳು. ಇಷ್ಟು ವರ್ಷಗಳ ಮೇಲೂ ಆ ದಿನ ಹೀಗೆ ಕ್ರಮವಾಗಿ ಎದುರು ಬಂದು ನಿಲ್ಲುವುದಕ್ಕೆ ಒದ್ದೆ ಗೋಣಿತಾಟಿನ ವಾಸನೆಯೇ ಕಾರಣ. ಈಗಲೂ ದೇವರಾಜ ಅರಸು ಬಡಾವಣೆಯ ನನ್ನ ಮನೆಯ ಹಿಂಬಾಗಿಲಿಗೆ ಬೇಸಿಗೆಯಲ್ಲಿ ಗೋಣಿತಾಟು ಕಟ್ಟಿ ನೀರು ಎರಚುತ್ತೇನೆ. ಮೊದಲ ಚೊಂಬು ನೀರು ಬಿದ್ದೊಡನೆ ಸೆಣಬು, ಧೂಳು, ಹಳೆಯ ಅಕ್ಕಿ ಎಲ್ಲ ಸೇರಿದ ಒಂದು ವಾಸನೆ ಏಳುತ್ತದೆ. ಅದರ ಹಿಂದೆಯೇ ಹೊಗೆಯ ವಾಸನೆ, ಆಮೇಲೆ ರಕ್ತದ್ದು. ಹೊಗೆ, ರಕ್ತ ಎರಡೂ ಈಗ ಇಲ್ಲ, ಆದರೂ ಬರುತ್ತವೆ.

ನಮ್ಮದು ಮಣ್ಣಿನ ಮಾಳಿಗೆ ಮನೆ. ಮೊಳ ದಪ್ಪದ ಗೋಡೆ, ಬೇವಿನ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಮಳೆನೀರು ಇಳಿಯದಂತೆ ಹೊದಿಸಿದ ಬೂದುಬಣ್ಣದ ಕರಲು ಮಣ್ಣು. ಕೋಣೆಗೊಂದು ಗವಾಕ್ಷಿ, ಅಂದರೆ ಗಾಳಿ ಬೆಳಕಿಗೆಂದು ಮಾಳಿಗೆಯಲ್ಲೇ ಬಿಟ್ಟ ಚೌಕದ ಕಂಡಿ. ಈ ಮನೆಯನ್ನು ಬೇಸಿಗೆಯಲ್ಲಿ ತಂಪಾಗಿಡುವುದು ಅಪ್ಪನಿಗೆ ಲಿಂಗಪೂಜೆಯಷ್ಟೇ ಕಟ್ಟುನಿಟ್ಟಿನ ಕೆಲಸ. ಬಿಸಿಲು ಎದುರುಮನೆಯ ಗೋಡೆ ಇಳಿಯುವ ಮೊದಲೇ ಬಾಗಿಲು ಕಿಟಕಿ ಮುಚ್ಚಬೇಕು, ಗವಾಕ್ಷಿಗಳಿಗೆ ಹಲಗೆ ಎಳೆಯಬೇಕು, ಹಿಂಬಾಗಿಲ ಗೋಣಿತಾಟು ಒಣಗಕೂಡದು. ಸಂಜೆ ಅಂಗಳಕ್ಕೆ ನೀರು ಹೊಡೆದು, ನೆಲದ ಬಿಸಿ ಆರಿದ ಮೇಲೆ ಎಲ್ಲವನ್ನೂ ತೆರೆಯಬೇಕು. ಹೊರಗೆ ನಾಯಿಗಳು ಚರಂಡಿಗಿಳಿದು ಮಲಗುವ ಹೊತ್ತಿನಲ್ಲಿ ನಮ್ಮ ನಡುಮನೆಯ ನೆಲಕ್ಕೆ ಕೆನ್ನೆ ಇಟ್ಟರೆ ಬಾವಿಯೊಳಗೆ ಮುಖ ಚಾಚಿದಂತಾಗುತ್ತಿತ್ತು. ಆ ತಂಪಿನ ಬೆಲೆಯನ್ನು ನಾವು ಬೆನ್ನಿನಿಂದ ತೆತ್ತಿದ್ದೆವು. ಒಮ್ಮೆ ಕೋಲೆಬಸವ ನೋಡಲು ಮಧ್ಯಾಹ್ನ ಕಿಟಕಿ ತೆಗೆದದ್ದಕ್ಕೆ ಅಪ್ಪ ಬೀಸಣಿಗೆಯ ಹಿಡಿ ಮುರಿಯುವವರೆಗೆ ನನ್ನನ್ನು ಹೊಡೆದ. ಸಂಜೆ ಅದೇ ಬೀಸಣಿಗೆಗೆ ಹೊಸ ಹಿಡಿ ಕಟ್ಟಿ, ನಾನು ನಿದ್ದೆ ಹೋಗುವ ತನಕ ಬಾಸುಂಡೆಗಳಿಗೆ ಗಾಳಿ ಬೀಸಿದ. ಅಪ್ಪ ಅಂಥವನು.

ಅವನ ಕಡೆಯಿಂದಲೂ ಹೇಳಬೇಕು. ಹೊಟ್ಟು ಉರಿಯುವ ಒಲೆ, ಅದರ ಮೇಲೆ ಕಾದು ಕೆಂಪಾದ ಉಸುಕು, ಆ ಉಸುಕಿನಲ್ಲಿ ಪಟಪಟನೆ ಅರಳುವ ಅಕ್ಕಿ. ಇವುಗಳ ಮುಂದೆ ದಿನವಿಡೀ ನಿಲ್ಲುವವನಿಗೆ ಮನೆಯ ತಂಪು ಬಿಟ್ಟರೆ ಬೇರೆ ಸುಖವಿರಲಿಲ್ಲ. ಆದರೆ ಆ ಸುಖವನ್ನು ಕರೆಂಟಿನಿಂದ ಪಡೆಯುವುದು ಅವನಿಗೆ ಆಗದು. “ಫ್ಯಾನಿನ ಗಾಳಿ ಕೊಂಡ ಗಾಳಿ. ಗ್ವಾಡಿ ತಂಪು ಪುಕ್ಕಟೆ ಬರ್ತೈತೆ, ಅದನ್ನ ಕಾಯಾಕ್ಕೆ ಆಗಲ್ವ ನಿಮಗೆ?” ಎನ್ನುತ್ತಿದ್ದ. ಬಿಲ್ಲು ಏರಬಾರದೆಂದು ಬೆಳಿಗ್ಗೆ ಹೊರಡುವಾಗ ಪಿಂಗಾಣಿಯ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಹರಿಹರದ ಕಾರ್ಖಾನೆಯಲ್ಲಿ ಮಿಶಿನ್ನುಗಳ ಜೊತೆ ಇರುತ್ತಿದ್ದ ಚಿಕ್ಕಪ್ಪನಿಗೆ ಇದು ನಗೆಪಾಟಲು. “ಮನ್ಯಾಗಿನ ಜ್ಯೋತಿ ನಮ್ಮಣ್ಣನ ಕಿಸೇದಾಗೈತೆ” ಎಂದು ಬೀದಿಯವರ ಮುಂದೆ ಆಡಿಕೊಳ್ಳುತ್ತಿದ್ದ. ಅದು ಅಪ್ಪನ ಕಿವಿಗೆ ಬಿದ್ದ ರಾತ್ರಿ ಊಟದ ತಟ್ಟೆ ಗೋಡೆಗೆ ಅಪ್ಪಳಿಸಿತ್ತು.

ಚಿಕ್ಕಮ್ಮನಿಗೆ ತಾಯಿ ಇರಲಿಲ್ಲ. ಹರಿಹರದಲ್ಲಿ ಅವಳಿಗಿದ್ದವನು ಒಬ್ಬ ಅಣ್ಣ ಮಾತ್ರ. ಹಾಗಾಗಿ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲೇ ನಡೆಯಿತು, ಅಜ್ಜಿಯ ಕೈಯಲ್ಲಿ. ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದೆಂಬುದು ಅಜ್ಜಿಯ ಅಚಲ ನಂಬಿಕೆ. ಕಿಟಕಿಯಿಲ್ಲದ ಒಳಕೋಣೆ, ಮಂಚದ ಕೆಳಗೆ ಬೆರಣಿಯ ಅಗ್ಗಿಷ್ಟಿಕೆ, ಹೊತ್ತುಹೊತ್ತಿಗೆ ಸಾಂಬ್ರಾಣಿ, ಚಿಕ್ಕಮ್ಮನ ಕಿವಿಗೆ ಹತ್ತಿ, ಕೂಸಿನ ತಲೆಗೆ ಕುಲಾವಿ. ಹೆರಿಗೆಯಾದ ದಿನವೇ ಅಪ್ಪ ಮಾಳಿಗೆ ಹತ್ತಿ ಆ ಕೋಣೆಯ ಗವಾಕ್ಷಿಯ ಮೇಲೆ ಕಲ್ಲಿನ ಚಪ್ಪಡಿ ಎಳೆದು, ಸುತ್ತ ಕರಲು ಮಣ್ಣು ಮೆತ್ತಿ, ಗಾಳಿಯ ಎಳೆಯೂ ಇಳಿಯದಂತೆ ಮಾಡಿದ್ದ. ಹೀಗೆ ಇಡೀ ಮನೆ ತಂಪಾಗಿದ್ದು, ಆ ಮನೆಯಲ್ಲಿ ಎಲ್ಲರಿಗಿಂತ ಎಳೆಯದಾದ ಜೀವ ಬೆಂಕಿಯ ಮೇಲೆ ಮಲಗಿತ್ತು. ಚಿಕ್ಕಪ್ಪ ಹರಿಹರದಿಂದ ಹಳೆಯ ಟೇಬಲ್ ಫ್ಯಾನೊಂದನ್ನು ತಂದಿದ್ದ. ಅಜ್ಜಿ ಅದನ್ನು ಹೊಸ್ತಿಲ ಆಚೆಗೇ ತಡೆದಿದ್ದಳು.

ಆ ಮಧ್ಯಾಹ್ನ ಅಜವಾನದ ನೀರು ಕೊಡಲು ನಾನು ಒಳಗೆ ಹೋದೆ. ಹೊಗೆಯಲ್ಲಿ ಚಿಕ್ಕಮ್ಮನ ಕಣ್ಣು ಮಾತ್ರ ಕಂಡವು. “ಗೌರಿ, ಕೂಸು ಬೆಳಿಗ್ಗೆಯಿಂದ ಮೊಲಿ ಹಿಡಿದಿಲ್ಲ. ಈಗ ಅಳಂಗೂ ಇಲ್ಲ” ಎಂದಳು. ಮುಟ್ಟಿದೆ. ಕಾದ ತಾಮ್ರದ ಚೊಂಬಿನಂತೆ ಮೈ ಸುಡುತ್ತಿತ್ತು, ತುಟಿ ಒಣಗಿ ಬಿರಿದಿತ್ತು, ಎತ್ತಿದ ಕೈ ಒದ್ದೆ ಬಟ್ಟೆಯ ಹಾಗೆ ಜೋತು ಬಿತ್ತು. ನಾನು ಓಡಿ ಚಿಕ್ಕಪ್ಪನನ್ನು ಎಬ್ಬಿಸಿದೆ. ಅವನು ಬಂದು ನೋಡಿದವನೇ ಫ್ಯಾನು ಹೊತ್ತು ತಂದ. ಫ್ಯೂಸಿನ ಜಾಗಕ್ಕೆ ತಂತಿ ಸಿಕ್ಕಿಸಿದ. ರೆಕ್ಕೆ ಅಲುಗಲಿಲ್ಲ. ಬೀದಿಗೇ ಕರೆಂಟು ಇರಲಿಲ್ಲ. ಆ ಬೇಸಿಗೆಯಲ್ಲಿ ಅದೇನೂ ಹೊಸದಲ್ಲ. ಅವನು ಫ್ಯಾನನ್ನು ಎತ್ತಿ ಅಂಗಳಕ್ಕೆ ಎಸೆದ. ಜಾಲರಿ ನುಗ್ಗಾಗಿ ಹೋಯಿತು. ಕೂಸನ್ನು ಹೊರಗೆ ತರಲು ತಿರುಗಿದರೆ ಅಜ್ಜಿ ಕೋಣೆಯ ಹೊಸ್ತಿಲ ಮೇಲೆ ಅಡ್ಡ ಮಲಗಿಬಿಟ್ಟಿದ್ದಳು.

“ಏಳವ್ವ.”

“ಗಾಳಿ ಬಡಿದ್ರೆ ಧನುರ್ವಾತ ಆಗಿ ಇಬ್ರೂ ಹೋಗ್ತಾರೆ. ನಿನ್ನ ಹಿಂದೆ ಹುಟ್ಟಿದ್ದನ್ನ ಹಂಗೇ ಕಳಕೊಂಡೀನಿ. ನನ್ನ ದಾಟಿ ಹೋಗು, ನೋಡಾನ.”

ಹೆತ್ತವಳನ್ನು ದಾಟುವುದೆಂದರೆ ನಮ್ಮ ಕಡೆ ಅವಳ ಹೆಣ ದಾಟಿದ ಹಾಗೆ. ಕಾರ್ಖಾನೆಗೆ ಹೋಗುವ, ಯಾವ ಶಾಸ್ತ್ರವನ್ನೂ ನಂಬದ ಚಿಕ್ಕಪ್ಪನ ಕಾಲು ಎದ್ದದ್ದು ಗಾಳಿಯಲ್ಲೇ ನಿಂತು ಹಿಂದೆ ಬಂತು. ಗೋಡೆಗೆ ತಲೆ ಚಚ್ಚಿಕೊಂಡ. ಆಮೇಲೆ ಹಿತ್ತಲಿನಿಂದ ಹಾರೆ ತೆಗೆದುಕೊಂಡು ಏಣಿ ಹತ್ತಿದ. ಮಾಳಿಗೆಯ ಮೇಲಿಂದ ಮೊದಲ ಏಟು ಬಿದ್ದಾಗ ಮನೆಯ ತೊಲೆಗಳೆಲ್ಲ ಒಮ್ಮೆಲೇ ನರಳಿದವು. “ಮಾಳಿಗಿ ಕೆಡವ್ತಾನೆ, ನಿಮ್ಮಪ್ಪನ ಕರಿ ಹೋಗು!” ಎಂದು ಅಜ್ಜಿ ಕೂಗಿದಳು. ನಾನು ಚಪ್ಪಲಿ ಮೆಟ್ಟದೆ ಭಟ್ಟಿಗೆ ಓಡಿದೆ.

ಮಾಳಿಗೆ ಒಡೆಯುತ್ತಿದ್ದಾನೆ ಎಂಬಷ್ಟನ್ನೇ ಅಪ್ಪ ಕೇಳಿದ್ದು. ಕೂಸಿನ ಮಾತು ನನ್ನ ಬಾಯಲ್ಲಿರುವಾಗಲೇ ಅವನು ಕೆಂಡ ಕೆದಕುವ ಸಲಾಕೆ ಹಿಡಿದು ಬೀದಿಗಿಳಿದಿದ್ದ. ಅವನ ಹಿಂದೆಯೇ ನಾನು ಏಣಿ ಹತ್ತಿದಾಗ ಚಿಕ್ಕಪ್ಪ ಚಪ್ಪಡಿಯ ಒಂದು ಮೂಲೆ ಎಬ್ಬಿಸಿ, ಸಂದಿಗೆ ಹಾರೆ ಕೊಟ್ಟು ಮೀಟುತ್ತಿದ್ದ. ಅಪ್ಪ ಕೂಗಲಿಲ್ಲ, ಕೇಳಲಿಲ್ಲ. ಸಲಾಕೆ ಎತ್ತಿ ಅವನ ಮೊಣಕೈಗೆ ಬೀಸಿದ. ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸದ್ದು. ಚಿಕ್ಕಪ್ಪ ಹೊರಳಿ, ಉಳಿದ ಕೈಯಲ್ಲಿ ಅಪ್ಪನ ಕತ್ತು ಹಿಡಿದ. ಅಪ್ಪ ಮೊಣಕಾಲಿನಿಂದ ಅವನ ಎದೆಗೆ ಗುದ್ದಿದ. ಇಬ್ಬರೂ ಸುಡುವ ಮಣ್ಣಿನಲ್ಲಿ ಉರುಳುತ್ತ ಅಂಚಿನವರೆಗೆ ಹೋದರು. ಅಪ್ಪನ ಹುಬ್ಬು ಸೀಳಿ ಕಣ್ಣು ರಕ್ತದಿಂದ ಮುಚ್ಚಿತ್ತು. ನಮ್ಮ ಮಾಳಿಗೆಗೆ ಅಂಟಿಕೊಂಡಿದ್ದ ಮಾಳಿಗೆಯಲ್ಲಿ ಸಂಡಿಗೆ ಒಣಹಾಕುತ್ತ ಚಿಕ್ಕಪ್ಪನಿಂದ ಆಗಲೇ ವಿಷಯ ಕೇಳಿದ್ದ ನೆರೆಮನೆಯ ರಜಿಯಾಬಿ ಮೋಟುಗೋಡೆ ದಾಟಿ ಬಂದು, ಕಚ್ಚಾಡುವ ನಾಯಿಗಳಿಗೆ ಎರಚುವಂತೆ ಬಕೆಟ್ ನೀರನ್ನು ಇಬ್ಬರ ಮೇಲೂ ಸುರಿದಳು.

“ಥೂ, ನಿಮ್ಮ ಗಂಡಸ್ತನಕ್ಕಿಷ್ಟು! ಕೂಸಿನ ಉಸಿರು ಕಟ್ಟೈತಂತೆ, ನೀವಿಲ್ಲಿ ಕೋಣ ಗುದ್ದಾಡ್ದಂಗೆ ಗುದ್ದಾಡ್ತೀರಿ. ಬಗ್ಗಿ ನೋಡ್ರಿ ಅಣ್ಣಾರೇ, ಒಳಗೆ!”

ಅಪ್ಪ ಕೆಮ್ಮುತ್ತ ತೆವಳಿ ಬಂದು ಚಪ್ಪಡಿಯ ಸಂದಿಗೆ ಮುಖ ಇಟ್ಟ. ಇಟ್ಟವನು ಹೊಡೆಸಿಕೊಂಡವನಂತೆ ಹಿಂದಕ್ಕೆ ಸರಿದ. ಆ ಬಿಸಿಯನ್ನು ಅವನಿಗಿಂತ ಚೆನ್ನಾಗಿ ಯಾರೂ ಅರಿತಿರಲಿಲ್ಲ. “ಇದು ಭಟ್ಟಿ ಬಾಯಿ ಆಗೈತಲ್ಲೋ” ಎಂದ, ಬಹಳ ಸಣ್ಣ ದನಿಯಲ್ಲಿ. ತಮ್ಮನ ಪಕ್ಕದಲ್ಲಿ ಬಿದ್ದಿದ್ದ ಹಾರೆ ತೆಗೆದುಕೊಂಡು ತಾನೇ ಚಪ್ಪಡಿಯನ್ನು ಮೀಟತೊಡಗಿದ. ಮೀಟಿ, ಒಳಗೆ ಬೀಳದಂತೆ ಎದೆಗೆ ಒತ್ತಿಕೊಂಡು ಹೊರಗೆಳೆದ. ಹೆಂಟೆಗಳು ಮಾತ್ರ ಕೆಳಗೆ ಉದುರಿದವು. ಕಪ್ಪು ಹೊಗೆ ಕಂಬದಂತೆ ಎದ್ದಿತು. “ಗೌರಿ, ಹಿತ್ತಲ ಬಾಗ್ಲು ತೆಗಿ, ಗೋಣಿಗೆ ನೀರು ಹೊಡಿ! ಅವ್ವಾ, ಏಳು, ಅಗ್ಗಿಷ್ಟಿಕಿ ಹೊರಗೆ ಹಾಕು!”

ನಾನು ಇಳಿದು ಬಂದಾಗ ಅಜ್ಜಿ ಹೊಸ್ತಿಲು ಬಿಟ್ಟು ಕದಲಿರಲಿಲ್ಲ. ದೊಡ್ಡ ಮಗನ ಮಾತಿಗೂ ಏಳಲಿಲ್ಲ. ಒಳಗೆ ಚಿಕ್ಕಮ್ಮ ಮೈಮೇಲೆಲ್ಲ ಮಣ್ಣು ಬಿದ್ದು, ಕೂಸನ್ನು ಎದೆಗವುಚಿಕೊಂಡು ನಿಂತಿದ್ದಳು. ಅತ್ತೆಯ ಎದುರು ದನಿ ಎತ್ತಿ ಗೊತ್ತಿಲ್ಲದವಳು ಕಿವಿಯ ಹತ್ತಿ ಕಿತ್ತೆಸೆದು ಹೇಳಿದಳು: “ಅತ್ತೆ, ಏಳ್ರಿ. ನಿಮ್ಮ ಮಕ್ಳು ದಾಟಂಗಿಲ್ಲ. ನಾನು ದಾಟ್ತೀನಿ.” ಅವಳ ಪಾದ ಎದ್ದದ್ದನ್ನು ನೋಡಿ ಅಜ್ಜಿ ಗೋಡೆ ಹಿಡಿದು ಎದ್ದಳು.

ನಾನು ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಎಳೆದೆ, ಹಿತ್ತಲ ಬಾಗಿಲು ತೆಗೆದು ಗೋಣಿತಾಟಿಗೆ ಕೊಡ ಕೊಡವಾಗಿ ನೀರು ಸುರಿದೆ. ಆಗ ಆದದ್ದನ್ನು ನಾನು ಕಣ್ಣಾರೆ ಕಂಡೆ: ತಾಟು ನೆನೆದು ಭಾರವಾಗಿ ನೇತಾಡುತ್ತಿದ್ದದ್ದು ಮೆಲ್ಲಗೆ ಒಳಮುಖವಾಗಿ ಉಬ್ಬಿತು. ಮೇಲಿನ ಕಂಡಿ ಬಿಸಿಯನ್ನು ಎಳೆದುಕೊಳ್ಳುತ್ತಿತ್ತು, ಅದರ ಜಾಗಕ್ಕೆ ನೀರಿನ ಮೈ ಸವರಿಕೊಂಡ ಗಾಳಿ ನಡುಮನೆ ದಾಟಿ ಬರುತ್ತಿತ್ತು. ಚಿಕ್ಕಮ್ಮ ಆ ಗಾಳಿಯ ಹಾದಿಯಲ್ಲೇ ಕುಳಿತು, ಕುಲಾವಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಕೂಸಿನ ತುಟಿ ಒರೆಸಿದಳು. ಮತ್ತೆ ಮತ್ತೆ ಒರೆಸಿದಳು. ಮಾಳಿಗೆಯ ಕಂಡಿಯಿಂದ ಅಣ್ಣತಮ್ಮಂದಿರ ಎರಡು ಮುಖಗಳು ಇಣುಕುತ್ತಿದ್ದವು. ಒಂದರ ರಕ್ತ ಹನಿ ಹನಿಯಾಗಿ ಮಂಚದ ಮೇಲೆ ಬೀಳುತ್ತಿತ್ತು. ಕೊನೆಗೆ ಕೂಸು ಮುಖ ಕಿವುಚಿತು. ಬೆಕ್ಕಿನಮರಿಯಂತೆ ಒಮ್ಮೆ ಕೀರಲು ದನಿ ತೆಗೆದು, ಮೊಲೆಗೆ ಬಾಯಿ ಹಾಕಿತು.

ರಜಿಯಾಬಿ ಹಳೆಯ ಸೀರೆ ಹರಿದು ಚಿಕ್ಕಪ್ಪನ ಕೈಯನ್ನು ಕೊರಳಿಗೆ ಕಟ್ಟಿದಳು. ಅವನು ಅಣ್ಣನ ಕಡೆ ನೋಡದೆ, “ನಾವು ಹರಿಹರಕ್ಕೆ ಹೋಗ್ತೀವಿ” ಎಂದ. ಅಪ್ಪ ಹುಬ್ಬಿನ ರಕ್ತ ಒರೆಸಿಕೊಳ್ಳುತ್ತ, “ಬಿಸ್ಲು ಇಳದ ಮ್ಯಾಲೆ ಹೋಗು. ಕೂಸೈತೆ” ಎಂದ. ನನಗೆ ತಿಳಿದಂತೆ ಅವರಿಬ್ಬರ ನಡುವಿನ ಕೊನೆಯ ಮಾತು ಅದು. ಹೊರಡುವ ಮೊದಲು ಅಜ್ಜಿ ಪಡಸಾಲೆಯಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕಿದಳು. ಸುಡುನೀರು ಬಿಟ್ಟು ಬೇರೆ ಹಾಕದವಳು ಆ ದಿನ ಚೊಂಬಿಗೆ ಕೈ ಅದ್ದಿ, “ಇನ್ನೊಂದಿಷ್ಟು ತಣ್ಣೀರು ಬೆರಸು ಗೌರಿ” ಎಂದಳು. ಮತ್ತೆ ಅದ್ದಿ, “ಇನ್ನೊಂದಿಷ್ಟು” ಎಂದಳು.

ಅಪ್ಪ ಆಮೇಲೆ ಅನೇಕ ಸಲ ಮಂಡಕ್ಕಿಯ ಚೀಲ ಹೊತ್ತು ಹರಿಹರಕ್ಕೆ ಹೋದ. ಚೀಲ ಒಳಗೆ ಹೋಗುತ್ತಿತ್ತು, ತಮ್ಮ ಹೊರಗೆ ಬರುತ್ತಿರಲಿಲ್ಲ. ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ, ರಜಿಯಾಬಿಯೂ ಇಲ್ಲ. ಮಾಳಿಗೆ ಇದ್ದ ಜಾಗದಲ್ಲಿ ಗಾಜಿನ ಬಾಗಿಲ ಅಂಗಡಿಗಳು ಹಗಲಿಡೀ ಕರೆಂಟು ಉರಿಸಿ ತಣ್ಣಗಿರುತ್ತವೆ. ಅಪ್ಪನ ಮಣ್ಣಿಗೆ ಬಂದಿದ್ದ ಚಿಕ್ಕಪ್ಪ ಹಿಡಿಮಣ್ಣು ಹಾಕಿದ್ದು ಎಡಗೈಯಲ್ಲಿ, ಬಲಗೈ ನೆಟ್ಟಗಾಗಲೇ ಇಲ್ಲ. ಜೊತೆಗೆ ಬಂದಿದ್ದ ಮಗಳು, ಆ ಕೂಸೇ, ತನ್ನ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಪಕ್ಕ ನಿಂತು ಪಿಸುಗುಟ್ಟಿದಳು: “ನೋಡಕ್ಕ, ಆ ಕೈ. ಕಾರ್ಖಾನೆ ಮಿಶಿನ್ನಾಗೆ ಸಿಕ್ಕಿತ್ತಂತೆ. ನಾನು ಹುಟ್ಟಿದ ವರ್ಷನೇ ಅಂತೆ.” ಹೌದೆಂದು ತಲೆಯಾಡಿಸಿದೆ. ಚಿಕ್ಕಪ್ಪ ಹಾಗೆ ಹೇಳಿದ್ದರೆ ಅದೇ ಇರಲಿ.

ಆ ಸೋಮವಾರ ಸಂಜೆ ಚಿಕ್ಕಪ್ಪನವರನ್ನು ಹೊತ್ತ ಜಟಕಾಗಾಡಿ ಬೀದಿಯ ತಿರುವು ದಾಟಿದ ಮೇಲೆ ನನಗೆ ಒಂದು ಕೆಲಸ ಉಳಿದಿತ್ತು. ಅಪ್ಪ ಹೇಳಲಿಲ್ಲ, ಅಜ್ಜಿಯೂ ಹೇಳಲಿಲ್ಲ. ಒಳಕೋಣೆಗೆ ಹೋಗಿ ಉದುರಿದ ಹೆಂಟೆ ಆರಿಸಿ ಬುಟ್ಟಿಗೆ ತುಂಬಿದೆ, ಬೂದಿ ಬಳಿದೆ, ಮಂಚದ ಮೇಲಿನ ರಕ್ತದ ಕಲೆಗಳನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿದೆ, ನೆಲ ಸಾರಿಸಿದೆ. ಕಂಡಿಯಿಂದ ಸಂಜೆಯ ಬೆಳಕು ಚೌಕವಾಗಿ ಬಿದ್ದಿತ್ತು. ಗಾಳಿ ಸಣ್ಣಗೆ ಆಡುತ್ತಿತ್ತು. ಇಡೀ ಮನೆಯಲ್ಲಿ ಈಗ ಎಲ್ಲಕ್ಕಿಂತ ತಂಪಾಗಿದ್ದದ್ದು ಆ ಕೋಣೆ, ಅಲ್ಲಿ ಮಲಗುವವರು ಯಾರೂ ಇರಲಿಲ್ಲ. ಸಾರಿಸಿದ ನೆಲ ಆರುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಆರಿದ ಮೇಲೆ ಮಣ್ಣಿನ ಬುಟ್ಟಿಯನ್ನು ಹಿತ್ತಲಿಗೆ ಒಯ್ದು ಸುರಿದು, ಕೈ ತೊಳೆದುಕೊಂಡೆ.