ಅಕ್ಕನ ಗುಣಾಕಾರ

ನನ್ನನ್ನು ಡಾಕ್ಟರೇ ಎಂದು ಕರೆಯುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವರ ತಪ್ಪೇನಿಲ್ಲ. ಆ ಪದವಿ ಹೇಗೆ ಬಂತೆಂಬುದು ನನಗೊಬ್ಬನಿಗೇ ಗೊತ್ತು.

ಎಂಬತ್ತರ ದಶಕದಲ್ಲಿ ನಾನು ಆಳಂದದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಗುಲ್ಬರ್ಗಾದಲ್ಲಿದ್ದ ಗೈಡ್ ಒಬ್ಬರ ಕೈಕೆಳಗೆ ಪಿಎಚ್‌ಡಿಗೆ ಹೆಸರು ಹಚ್ಚಿದ್ದೆ. ವಿಷಯ, ಕಾಲ್ಪನಿಕ ಆಬೀಲಿಯನ್ ಸಂಖ್ಯಾಕ್ಷೇತ್ರಗಳ ಸಾಪೇಕ್ಷ ವರ್ಗಸಂಖ್ಯೆ. ಹೆಸರು ಕೇಳಿ ಹೆದರಬೇಡಿ, ನಮ್ಮ ಸ್ಟಾಫ್ ರೂಮಿನಲ್ಲೂ ಯಾರಿಗೂ ತಿಳಿದಿರಲಿಲ್ಲ. ಹನ್ನೆರಡನ್ನು ಅಪವರ್ತನಗಳಾಗಿ ಹೇಗೆ ಒಡೆದರೂ ಕೊನೆಗೆ ಉಳಿಯುವುದು ಎರಡು, ಎರಡು, ಮೂರು. ನಾವು ದಿನಾ ಬಳಸುವ ಸಂಖ್ಯೆಗಳಲ್ಲಿ ಈ ನಿಯಮ ಮುರಿಯುವುದಿಲ್ಲ. ಋಣಸಂಖ್ಯೆಗಳ ವರ್ಗಮೂಲ ಸೇರಿಸಿ ಕಟ್ಟಿದ ಕೆಲವು ಲೋಕಗಳಲ್ಲಿ ಮುರಿಯುತ್ತದೆ. ಎಷ್ಟು ಮುರಿದಿದೆ ಎಂದು ಹೇಳುವುದು ವರ್ಗಸಂಖ್ಯೆ. ಅದರಲ್ಲಿ ಕಾಲ್ಪನಿಕ ಭಾಗದ ಪಾಲು ಸಾಪೇಕ್ಷ ವರ್ಗಸಂಖ್ಯೆ. ಅದಕ್ಕೊಂದು ಸೂತ್ರವಿದೆ, ಸೂತ್ರದ ತುಂಬ ಉದ್ದುದ್ದ ಗುಣಾಕಾರ. ಅಂಥ ನೂರಾರು ಕ್ಷೇತ್ರಗಳ ಕೋಷ್ಟಕವೇ ನನ್ನ ಪ್ರಬಂಧ. ವಿಶ್ವವಿದ್ಯಾಲಯದ ಕಂಪ್ಯೂಟರಿನ ಪಾಳಿ ನನ್ನಂಥವನಿಗೆ ಬರುತ್ತಿರಲಿಲ್ಲ. ನನ್ನ ಕ್ಯಾಲ್ಕುಲೇಟರ್ ಎಂಟು ಅಂಕಿಗೇ ಸುಸ್ತಾಗುತ್ತಿತ್ತು.

ಆ ಗುಣಾಕಾರವನ್ನೆಲ್ಲ ಮಾಡಿದವಳು ನನ್ನ ಅಕ್ಕ. ಶಾಲೆಯಲ್ಲಿ ಲೆಕ್ಕಕ್ಕೆ ಅವಳೇ ಮೊದಲು. ಏಳನೇ ತರಗತಿ ಮುಗಿದದ್ದೇ ಅಪ್ಪ ಅವಳನ್ನು ಬಿಡಿಸಿ, ಅಂಚಿಗೆ ಬಂದು ಪಾಸಾಗುತ್ತಿದ್ದ ನನ್ನನ್ನು ಮುಂದಕ್ಕೆ ಕಳಿಸಿದ. ಗಂಡ ತೀರಿದ ಮೇಲೆ ಅವಳು ಜೇವರ್ಗಿ ಕಡೆಯ ನೆಲೋಗಿಯಲ್ಲಿ, ಮೈದುನನ ಮನೆಯಲ್ಲಿ ಇದ್ದಳು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಮನೆಮಂದಿಗೆಲ್ಲ ರೊಟ್ಟಿ, ಮಧ್ಯಾಹ್ನ ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತರೆ ಎಬ್ಬಿಸುವವರಿಲ್ಲ. ಮೊದಲು ಪಾಟಿಯ ಮೇಲೆ, ಆಮೇಲೆ ಹಾಳೆಯ ಮೇಲೆ, ಕೊನೆಗೆ ಅಂಕಿಗಳನ್ನು ಕೂಡಿಸಿ ಒಂಬತ್ತುಗಳನ್ನು ಕಳೆದು ತಾಳೆ ನೋಡುವುದು. ನಾನು ಎರಡು ವಾರಕ್ಕೊಮ್ಮೆ ಗುಲ್ಬರ್ಗಾ, ಜೇವರ್ಗಿಗಳಲ್ಲಿ ಬಸ್ಸು ಬದಲಿಸಿ ಹೊಸ ಹಾಳೆ ಕೊಟ್ಟು ಹಳೆಯದನ್ನು ತರುತ್ತಿದ್ದೆ.

ಪ್ರತಿ ಹಾಳೆಯ ಮೇಲೆ ಸೂತ್ರ ಬರೆದು, ಕೊನೆಯಲ್ಲಿ ಬಂದದ್ದನ್ನು ಅರ್ಧ ಮಾಡಿ, ಮತ್ತೆ ಸೂತ್ರದ ಒಂದು ಅಕ್ಷರದ ಬದಲು ಎರಡಿಟ್ಟು ಗುಣಿಸು ಎಂದು ಬರೆದಿರುತ್ತಿದ್ದೆ. ಒಂದು ದಿನ ಅಕ್ಕ ಅದನ್ನೇ ಹಿಡಿದಳು.

“ತಮ್ಮ, ಅರ್ಧ ಮಾಡಂತಿ, ಮತ್ತ ಎರಡ್ರಿಂದ ಗುಣಿಸಂತಿ. ಯಾವಾಗ್ಲೂ ಎರಡೇ ಇದ್ರ ಅದಕ್ಕೊಂದು ಬ್ಯಾರೆ ಅಕ್ಷರ ಯಾಕ ಇಟ್ಟಾರ? ಎಲ್ಲೋ ಒಂದ್ಕಡಿ ಅದು ಎರಡು ಇರಲಿಕ್ಕಿಲ್ಲ, ನೋಡು.”

“ದೊಡ್ಡವರು ಬರದಾರ ಅದನ್ನ,” ಎಂದು ರೇಗಿದೆ. “ನೀ ಗುಣಿಸೋದಷ್ಟ ಮಾಡು. ಅದರ ಅರ್ಥ ನಿನಗ ತಿಳಿಯಂಗಿಲ್ಲ.”

“ಆತು ಬಿಡಪ್ಪ,” ಎಂದಳು. ಮತ್ತೆಂದೂ ಕೇಳಲಿಲ್ಲ.

ಪ್ರಬಂಧದ ಮುನ್ನುಡಿಯಲ್ಲಿ, ಲೆಕ್ಕವೆಲ್ಲ ಲೇಖಕನದೇ ಎಂದು ಬರೆದೆ. ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂಕಿ ಬರುತ್ತಿದ್ದವು. ಬೈಂಡ್ ಮಾಡಿಸಿದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೋಷ್ಟಕದ ಮೇಲೆ ಬೆರಳಾಡಿಸಿದಳು. “ಇದು ಶ್ರಾವಣದಾಗ ಮಾಡಿದ್ದು, ಇದು ನನಗ ಜ್ವರ ಬಂದಾಗಿಂದು,” ಎಂದು ಒಂದೊಂದನ್ನೇ ಗುರುತು ಹಿಡಿದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಆರು ತಿಂಗಳಿಗೆ ಹೊರಗಿನ ಪರೀಕ್ಷಕರ ವರದಿ ಬಂತು. ಹನ್ನೊಂದು ಕ್ಷೇತ್ರಗಳ ಸಂಖ್ಯೆ ತಪ್ಪು, ಸರಿಪಡಿಸದೆ ಪದವಿ ಇಲ್ಲ. ಗೈಡ್ ಕರೆಸಿ, “ಹೆಂಗ ತಪ್ಪಿತ್ರಿ ಇದು?” ಎಂದರು.

“ಗುಣಾಕಾರ ನಮ್ಮ ಅಕ್ಕ ಮಾಡಿದ್ಲ್ರಿ ಸರ್. ಏಳನೇತ್ತೆ ಓದಿದಾಕಿ. ಆಕಿ ಕೈ ತಪ್ಪಿರಬೇಕ್ರಿ.”

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ಮೇಕೆ ಅಕ್ಕ ಆಗಬೇಕಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವತ್ತೇ ನೆಲೋಗಿಗೆ ಹೋಗಿ ಹನ್ನೊಂದು ಲೆಕ್ಕಗಳ ಹಾಳೆಗಳನ್ನು ಅವಳ ಮುಂದೆ ಹಾಕಿದೆ. “ನಿನ್ನ ಗುಣಾಕಾರ ತಪ್ಪ್ಯಾದ. ಮತ್ತ ನೋಡು,” ಎಂದೆ. ಅಕ್ಕನ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಪಾಟಿ ತಂದಳು.

ಆಳಂದಕ್ಕೆ ಮರಳಿದ ನಾಲ್ಕನೇ ದಿನ ಗೈಡ್ ಬರೆದ ಕಾರ್ಡು ಬಂತು. ಹನ್ನೊಂದೂ ಸಂಖ್ಯೆಗಳು ಸರಿಯಾದದ್ದಕ್ಕಿಂತ ನಿಖರವಾಗಿ ಎರಡು ಪಟ್ಟು ಇವೆ, ಕೈತಪ್ಪು ಹೀಗಿರುವುದಿಲ್ಲ, ನಿಮ್ಮ ಆ ಎರಡನ್ನು ನೋಡಿಕೊಳ್ಳಿ ಎಂದಿದ್ದರು. ನೋಡಿದೆ. ಒಂದು ಬಗೆಯ ಕ್ಷೇತ್ರಗಳಿಗೆ ಓದಿದ ನಿಯಮವನ್ನು ಎಲ್ಲಕ್ಕೂ ಹಚ್ಚಿದ್ದೆ. ಆ ಅಕ್ಷರದ ಬೆಲೆ ಕೆಲವು ಕಡೆ ಎರಡು, ಕೆಲವು ಕಡೆ ಒಂದು. ಎರಡಿಟ್ಟರೂ ಪೂರ್ಣಸಂಖ್ಯೆಯೇ ಬರುತ್ತಿದ್ದುದರಿಂದ ನನಗೆ ಅನುಮಾನ ಹುಟ್ಟಿರಲಿಲ್ಲ. ಅಕ್ಕನಿಗೆ ಹುಟ್ಟಿತ್ತು. ಹನ್ನೊಂದನ್ನೂ ಅರ್ಧ ಮಾಡಿ, ಅವು ಏಕೆ ಅರ್ಧವಾಗಬೇಕೆಂದು ಬರೆದು ಕಳಿಸಲು ನನಗೆ ಎರಡು ದಿನ ಸಾಕಾಯಿತು.

ನೆಲೋಗಿಗೆ ಮಾತ್ರ ಮೂರು ವಾರ ಹೋಗಲಿಲ್ಲ. ಹೋದಾಗ ಅಕ್ಕ ಪಡಸಾಲೆಯಲ್ಲೇ ಇದ್ದಳು. ಎಲ್ಲ ಹಾಳೆಗಳನ್ನೂ ಮೂರು ಮೂರು ಸಲ ಮಾಡಿ ನೋಡಿದ್ದಳು. ಕಣ್ಣು ಕೆಂಪಾಗಿ ಊದಿದ್ದವು.

“ತಮ್ಮ, ನನಗ ತಪ್ಪು ಸಿಗವಲ್ದು,” ಎಂದಳು. “ಎಷ್ಟ್ ಸಲ ಮಾಡಿದ್ರೂ ಅದೇ ಬರ್ತದ. ನನ್ನ ತಲಿಯಾಗೇ ಏನೋ ಕೆಟ್ಟಾದ. ನಿನ್ನ ಓದು ನನ್ನಿಂದ ಹಾಳಾತು.”

ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. ಹೇಳಿದ್ದರೆ ಅವಳು ನಗುತ್ತಿದ್ದಳು ಅಷ್ಟೆ, ಬೈಯುವವಳೂ ಅಲ್ಲ. ಆದರೆ ನನಗೆ ನಾಚಿಕೆ.

“ಇರ್ಲಿ ಬಿಡು ಅಕ್ಕ. ನಾ ಸರಿ ಮಾಡ್ಕೊಂಡೀನಿ,” ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದಳು. ತಪ್ಪು ಮಾಡಿದವಳನ್ನು ತಮ್ಮ ಕ್ಷಮಿಸಿದ ಎಂದುಕೊಂಡಳು.

ಪದವಿ ಬಂತು. ಮರುವರ್ಷ ಇನ್ನೊಂದು ಕೋಷ್ಟಕ ಶುರು ಮಾಡಿ, ನಾಚಿಕೆಯಿಲ್ಲದೆ ಹಾಳೆಗಳ ಕಟ್ಟನ್ನು ನೆಲೋಗಿಗೆ ಒಯ್ದೆ. ಅಕ್ಕ ಅದನ್ನು ಮುಟ್ಟಲಿಲ್ಲ. ನನ್ನ ಮುಂದೆ ಕೈಮುಗಿದಳು.

“ಬ್ಯಾಡಪ್ಪ. ಮತ್ತ ನನ್ನ ಕೈಲಿಂದ ನಿನ್ನ ಹೆಸರು ಕೆಡೋದು ಬ್ಯಾಡ.”

ಕಟ್ಟನ್ನು ತಿರುಗಿ ಚೀಲಕ್ಕೆ ಹಾಕಿಕೊಂಡೆ. ಆಗಲೂ ನಾನು ಬಾಯಿ ಬಿಡಲಿಲ್ಲ.